ಮಲಿಕ್-ಎ-ಮೈದಾನ್ ತೋಪು ಮತ್ತು ಡ್ಯೂರರನ ಯುದ್ಧಚಿತ್ರ

ತಿಕೋಟಾ, ಬಬಲೇಶ್ವರಗಳ ಕಡೆಯಿಂದ ವಿಜಯಪುರ ನಗರಕ್ಕೆ ಬರುವ ವಿದ್ಯಾರ್ಥಿಗಳಲ್ಲಿ, ಕೋಟೆಯ ಪಶ್ಚಿಮ ದಿಕ್ಕಿನ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಕಾಣದವರು ವಿರಳ. ಸುಮಾರು 14 ಅಡಿ ಉದ್ದದ, 55 ಟನ್ ತೂಕವುಳ್ಳ ಈ ಮಹಾಯಂತ್ರವನ್ನು 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ರೂಮಿ ಎಂಬವನು ಎರಕ ಹೊಯ್ದನು. ಅದರ ಗಾತ್ರವನ್ನು ಕಂಡು ಬೆರಗಾಗುವವರು ಅದರ ಬಾಯಿಯನ್ನು ದಿಟ್ಟಿಸಿ ನೋಡುವುದು ಕಡಿಮೆ. ಆ ಬಾಯಿ ಸಿಂಹಮುಖಿ. ಅದರ ಕೋರೆಗಳ ನಡುವೆ ಆನೆಯೊಂದು ಸಿಲುಕಿ ನಜ್ಜುಗುಜ್ಜಾಗುತ್ತಿದೆ.

ಸಿಂಹಗಜಗಳ ವೈರವು ನಮ್ಮ ಕಾವ್ಯಗಳಿಗೆ ಹೊಸದಲ್ಲ. ಆದರೆ ಇಲ್ಲಿ ಅದಕ್ಕೆ ಬೇರೊಂದು ಅರ್ಥವೂ ಹೊಳೆಯುತ್ತದೆ. ಆನೆಯು ಪ್ರಾಚೀನ ಸೇನೆಗಳ ಹೆಮ್ಮೆ. ಅದನ್ನು ನುಂಗುವ ಈ ಬಾಯಿ ಮದ್ದುಗುಂಡಿನ ಯುಗದ ಜಯಘೋಷ.

ಇದಕ್ಕೆ ಅರ್ಧ ಶತಮಾನ ಮುಂಚೆ, 1498ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ನಗರದ ಆಲ್ಬ್ರೆಕ್ಟ್ ಡ್ಯೂರರನು ಬೈಬಲ್ಲಿನ ಕೊನೆಯ ಗ್ರಂಥಕ್ಕೆ 15 ಕಾಷ್ಠಮುದ್ರಣ ಚಿತ್ರಗಳನ್ನು ರಚಿಸಿ ಪ್ರಕಟಿಸಿದನು. ಮರದ ಹಲಗೆಯಲ್ಲಿ ಗೆರೆಗಳನ್ನು ಮಾತ್ರ ಉಳಿಸಿ, ಮಿಕ್ಕುದನ್ನು ಕೆತ್ತಿ ತೆಗೆದು, ಉಬ್ಬುಗೆರೆಗೆ ಮಸಿ ಬಳಿದು ಕಾಗದವನ್ನೊತ್ತುವುದೇ ಈ ಕಲೆಯ ವಿಧಾನ. ಅವುಗಳಲ್ಲಿ ಪ್ರಖ್ಯಾತವಾದುದು ನಾಲ್ವರು ರಾವುತರ ಚಿತ್ರ. ಬಿಲ್ಲು, ಖಡ್ಗ, ತಕ್ಕಡಿಗಳನ್ನು ಹಿಡಿದ ಮೂವರು ಮುನ್ನುಗ್ಗುತ್ತಾರೆ. ಬಡಕಲು ಕುದುರೆಯೇರಿದ ಮೃತ್ಯುವು ಅವರೊಡನಿದೆ. ಗೊರಸುಗಳಡಿಯಲ್ಲಿ ಜನರು ಉರುಳಿಬಿದ್ದಿದ್ದಾರೆ. ಕೆಳಗಿನ ಮೂಲೆಯಲ್ಲಿ ಇನ್ನೊಂದು ತೆರೆದ ಬಾಯಿ! ಆ ಮೃಗವು ನುಂಗುತ್ತಿರುವುದು ಅಧಿಕಾರದ ಮುಕುಟ ಧರಿಸಿದವನನ್ನು.

ಎರಡೂ ಹಿಂಸೆಯ ಚಿತ್ರಗಳೇ. ಆದರೆ ತೋಪಿನ ಶಿಲ್ಪವು ಒಡೆಯನ ಪರವಾಗಿ ನಿಂತು ಶತ್ರುವನ್ನು ಬೆದರಿಸುತ್ತದೆ. ಅಲ್ಲಿ ಸಾಯುವ ಮನುಷ್ಯನ ಮುಖವಿಲ್ಲ. ಹಲವು ಪ್ರತಿಗಳಾಗಿ ಹಲವರ ಕೈಸೇರಿದ ಡ್ಯೂರರನ ಚಿತ್ರದಲ್ಲಾದರೋ ಬಿದ್ದವರ ಮುಖಗಳೇ ನೋಡುವವನನ್ನು ತಡೆದು ನಿಲ್ಲಿಸುತ್ತವೆ. ಬಲಿಷ್ಠನಿಗೂ ಅಲ್ಲಿ ವಿನಾಯಿತಿಯಿಲ್ಲ.

ಇತಿಹಾಸವು ಈ ಎರಡನೆಯ ಮಾತನ್ನೇ ಸಮರ್ಥಿಸಿತು. 1632ರಲ್ಲಿ ಪರಾಂಡದಿಂದ ಬಿಜಾಪುರಕ್ಕೆ ಬಂದ ಆ ತೋಪು ಆದಿಲಶಾಹಿಯನ್ನು ಉಳಿಸಲಿಲ್ಲ. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ಅದರ ಮೇಲೆಯೇ ತನ್ನ ವಿಜಯವನ್ನು ಕೆತ್ತಿಸಿದನು. 1854ರಲ್ಲಿ ಬ್ರಿಟಿಷ್ ಆಡಳಿತವು ಅದನ್ನು ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಬೆಲೆ 150 ರೂಪಾಯಿ. ಮಾರಾಟವು ರದ್ದಾದುದರಿಂದ ತೋಪು ಇಲ್ಲಿಯೇ ಉಳಿಯಿತು.

ಆದುದರಿಂದ ಬುರುಜನ್ನೇರುವ ವಿದ್ಯಾರ್ಥಿಯು ತೋಪಿನ ಉದ್ದವನ್ನಳೆದು ಹಿಂದಿರುಗಬಾರದು. ಕೋರೆಗಳ ನಡುವಿನ ಆ ಆನೆಯನ್ನೊಮ್ಮೆ ನೋಡಬೇಕು. ಅಲ್ಲಿ ಕೆತ್ತದೆ ಬಿಟ್ಟ ಮನುಷ್ಯರನ್ನೂ ನೆನೆಯಬೇಕು.