ಹಳೆಯ ಬೇಲ್ ಸುತ್ತುವ ಯಂತ್ರದಲ್ಲಿ ಹಾಳೆಯ ಬಿಗಿತ ಸರಿಪಡಿಸುವ ವಿಧಾನ

ಮುಸುಕಿನ ಜೋಳವನ್ನು ಹಸಿಯಾಗಿಯೇ ಕೊಯ್ದು, ಕತ್ತರಿಸಿ, ಬೇಲ್ ಕಟ್ಟಿ, ಪ್ಲಾಸ್ಟಿಕ್ ಹಾಳೆ ಸುತ್ತಿ ರಸಮೇವು ತಯಾರಿಸುವ ಪದ್ಧತಿ ನಮ್ಮ ಹೈನುಗಾರರಲ್ಲಿಯೂ ಬಳಕೆಗೆ ಬಂದಿದೆ. ಇದಕ್ಕೆ ಗುಂಡಿ ತೋಡಬೇಕಾಗಿಲ್ಲ. ಬೇಕಾದಾಗ ಒಂದೊಂದೇ ಬೇಲ್ ಬಿಚ್ಚಿ ಹಾಕಬಹುದು, ಹೆಚ್ಚಾದುದನ್ನು ಮಾರಲೂಬಹುದು. ಆದರೆ ಗುಂಡಿಯಲ್ಲಿ ಮಣ್ಣಿನ ಹೊದಿಕೆ ಮಾಡುವ ಕೆಲಸವನ್ನು ಇಲ್ಲಿ 25 ಮೈಕ್ರಾನ್ ದಪ್ಪದ, ಅಂದರೆ ತಲೆಗೂದಲಿಗಿಂತ ತೆಳುವಾದ ಹಾಳೆ ಮಾಡಬೇಕು. ಗಾಳಿ ಒಳಹೊಕ್ಕರೆ ಮೇವು ಹುಳಿಯುವ ಬದಲು ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಇಂತಹ ಮೇವು ದನಕ್ಕೆ, ಅದರಲ್ಲೂ ಗಬ್ಬದ ಹಸುಗಳಿಗೆ ಅಪಾಯಕಾರಿ.

ಬೇಲ್ ಕೆಟ್ಟಾಗ ಹಾಳೆ ಕಳಪೆಯೆಂದು ಅಂಗಡಿಯವರನ್ನು ದೂರುವುದುಂಟು. ಅನೇಕ ಸಲ ತಪ್ಪು ಇರುವುದು ಹಾಳೆಯನ್ನು ಎಳೆಯುವ ಬಿಗಿತದಲ್ಲಿ. ಕೈ ಬದಲಾಗಿ ಬಂದ ಹಳೆಯ ಯಂತ್ರಗಳಲ್ಲಿ ಈ ದೋಷ ಹೆಚ್ಚು.

ಈ ಹಾಳೆಯನ್ನು ಹಿಗ್ಗಿಸಿಯೇ ಸುತ್ತಬೇಕು. ಹಿಗ್ಗಿದ ಹಾಳೆ ಮತ್ತೆ ಕುಗ್ಗಲು ಯತ್ನಿಸುವುದರಿಂದ ಪದರಗಳು ಒಂದಕ್ಕೊಂದು ಒತ್ತಿ ಅಂಟಿಕೊಳ್ಳುತ್ತವೆ. ಸಾಮಾನ್ಯವಾಗಿ ಶೇ. 70ರಷ್ಟು ಹಿಗ್ಗಿಸುವುದು ರೂಢಿ. ಬಿಸಿಲು ಹೆಚ್ಚಿದ್ದಾಗ ಹಾಳೆ ಮೆತ್ತಗಾಗುವುದರಿಂದ ಶೇ. 55 ಸಾಕು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಹಳೆಯ ಸರಳ ಯಂತ್ರದಲ್ಲಿ ಹಾಳೆಯ ಸುರುಳಿಯನ್ನು ಬ್ರೇಕ್ ಪಟ್ಟಿಯಿಂದ ತಡೆದು ಬಿಗಿತ ತರುತ್ತಾರೆ. ತೊಂದರೆಯ ಮೂಲ ಇಲ್ಲೇ ಇದೆ. ಬ್ರೇಕ್ ಒಂದೇ ಸಮನಾಗಿದ್ದರೂ ಸುರುಳಿ ಸಣ್ಣದಾದಂತೆ ಹಾಳೆಯ ಮೇಲಿನ ಎಳೆತ ಏರುತ್ತ ಹೋಗುತ್ತದೆ. ಸುರುಳಿಯ ಅಡ್ಡಳತೆ 24 ಸೆಂ.ಮೀ. ಇದ್ದದ್ದು 8 ಸೆಂ.ಮೀ.ಗೆ ಇಳಿದರೆ ಎಳೆತ ಮೂರು ಪಟ್ಟಾಗುತ್ತದೆ. ಬೆಳಿಗ್ಗೆ ಸರಿಯಾಗಿ ಹೊಂದಿಸಿದ ಯಂತ್ರ ಮಧ್ಯಾಹ್ನ ಹಾಳೆ ಹರಿಯುವುದು ಇದರಿಂದಲೇ. ಜೊತೆಗೆ ಬೇಲ್ ತಿರುಗುವಾಗ ಅದರ ಅಂಚು ಹತ್ತಿರ ಬಂದು ದೂರ ಸರಿಯುತ್ತಿರುವುದರಿಂದ ಪ್ರತಿ ಸುತ್ತಿನಲ್ಲಿಯೂ ಹಾಳೆ ಜಗ್ಗಿ ಸಡಿಲವಾಗುತ್ತಿರುತ್ತದೆ.

ಹರಿದ ಹಾಳೆ ಕಣ್ಣಿಗೆ ಕಾಣುತ್ತದೆ, ಅದನ್ನು ಸರಿಪಡಿಸಬಹುದು. ಹರಿಯದೆ ಅತಿಯಾಗಿ ಹಿಗ್ಗಿದ ಹಾಳೆಯೇ ಹೆಚ್ಚು ಮೋಸ ಮಾಡುತ್ತದೆ, ಏಕೆಂದರೆ ಹಿಗ್ಗಿದಂತೆ ಅದರ ಅಗಲ ಕಿರಿದಾಗುತ್ತದೆ. 750 ಮಿ.ಮೀ. ಅಗಲದ ಹಾಳೆ ಸರಿಯಾಗಿ ಹಿಗ್ಗಿದರೆ ಬೇಲ್ ಮೇಲೆ ಸುಮಾರು 600 ಮಿ.ಮೀ. ಇರುತ್ತದೆ. ಬೇಲ್ ಪ್ರತಿ ಸುತ್ತಿಗೆ 300 ಮಿ.ಮೀ. ಸರಿದರೆ ಅರ್ಧಕ್ಕರ್ಧ ಮೇಲೆ ಮೇಲೆ ಬಂದು ಎಲ್ಲೆಡೆ ಎರಡು ಪದರ ಬೀಳುತ್ತವೆ. ಹಾಳೆ 500 ಮಿ.ಮೀ.ಗೆ ಕಿರಿದಾಯಿತೆನ್ನಿ. ಆಗ ಪ್ರತಿ 300 ಮಿ.ಮೀ.ನಲ್ಲಿ 100 ಮಿ.ಮೀ. ಪಟ್ಟಿಗೆ ಒಂದೇ ಪದರ ಸಿಗುತ್ತದೆ. ನಾಲ್ಕು ಪದರ ಸುತ್ತಿದ್ದೇವೆಂದು ರೈತರು ನಂಬಿರುತ್ತಾರೆ, ಆದರೆ ಕೆಲವೆಡೆ ಎರಡೇ ಇರಬಹುದು.

ಇದನ್ನು ತಿಳಿಯಲು ದುಬಾರಿ ಉಪಕರಣ ಬೇಡ. ಸುರುಳಿಯ ಮೇಲಿನ ಹಾಳೆಗೆ ಉದ್ದದ ದಿಕ್ಕಿನಲ್ಲಿ 10 ಸೆಂ.ಮೀ. ಅಂತರದಲ್ಲಿ ಪೆನ್ನಿನಿಂದ ಎರಡು ಗುರುತು ಹಾಕಿ ಸುತ್ತಲು ಬಿಡಬೇಕು. ಬೇಲ್ ಮೇಲೆ ಆ ಗುರುತುಗಳ ಅಂತರ 17 ಸೆಂ.ಮೀ. ಇದ್ದರೆ ಶೇ. 70, 15.5 ಇದ್ದರೆ ಶೇ. 55 ಹಿಗ್ಗಿದೆ ಎಂದರ್ಥ. ಬೇಲಿನ ಚಪ್ಪಟೆ ಮುಖದ ಮೇಲೆ ಹಾಳೆಯ ಅಗಲವನ್ನೂ ಅಳೆಯಬೇಕು. ತುಂಬಿದ ಸುರುಳಿಯಲ್ಲಿ ಒಮ್ಮೆ, ಮುಗಿಯಲು ಬಂದ ಸುರುಳಿಯಲ್ಲಿ ಇನ್ನೊಮ್ಮೆ ಅಳೆಯದಿದ್ದರೆ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಎರಡು ಅಳತೆಗಳಲ್ಲಿ ಹೆಚ್ಚು ವ್ಯತ್ಯಾಸ ಕಂಡರೆ ಬ್ರೇಕ್ ತಿರುಪನ್ನು ಬಿಗಿಮಾಡುತ್ತ ಸಡಿಲಿಸುತ್ತ ಕಾಲ ಕಳೆಯುವುದಕ್ಕಿಂತ ಗೇರ್ ಜೋಡಿಸಿದ ಎರಡು ರೋಲರುಗಳ ಹಿಗ್ಗಿಸುವ ಘಟಕವನ್ನು ಅಳವಡಿಸುವುದು ಲೇಸು. ಹಾಳೆ ಮೊದಲು ನಿಧಾನ ರೋಲರಿನ ಮೇಲೆ, ಬಳಿಕ ವೇಗದ ರೋಲರಿನ ಮೇಲೆ ಹಾಯ್ದು ಇವೆರಡರ ನಡುವೆಯೇ ಹಿಗ್ಗುತ್ತದೆ. ಹಿಗ್ಗುವ ಪ್ರಮಾಣವನ್ನು ಗೇರಿನ ಹಲ್ಲುಗಳೇ ನಿರ್ಧರಿಸುವುದರಿಂದ ಸುರುಳಿ ದೊಡ್ಡದಿರಲಿ ಸಣ್ಣದಿರಲಿ ಹೆಚ್ಚಿನ ವ್ಯತ್ಯಾಸವಾಗದು. ಒಂದೇ ಅಡ್ಡಳತೆಯ ರೋಲರುಗಳಾದರೆ ನಿಧಾನ ರೋಲರಿಗೆ 34, ವೇಗದ ರೋಲರಿಗೆ 20 ಹಲ್ಲಿನ ಗೇರ್ ಹಾಕಿದಾಗ ಶೇ. 70 ಬರುತ್ತದೆ, 31 ಮತ್ತು 20 ಹಾಕಿದರೆ ಶೇ. 55. ಸಿದ್ಧ ಘಟಕ ಕೊಳ್ಳುವಾಗ ಗೇರ್ ಬದಲಾಯಿಸಲು ಬರುತ್ತದೆಯೇ ಎಂದು ಮೊದಲೇ ಕೇಳಬೇಕು. ಸುರುಳಿಯ ಬ್ರೇಕನ್ನು ಪೂರ್ತಿ ತೆಗೆದುಹಾಕಬಾರದು. ಯಂತ್ರ ನಿಂತಾಗ ಸುರುಳಿ ತಾನೇ ಬಿಚ್ಚಿಕೊಳ್ಳದಷ್ಟು ತಡೆ ಇರಲೇಬೇಕು.

ಹೊಸ ಘಟಕ ಕೂಡಿಸುವಾಗ ಹಾಳೆಯ ಅಗಲದ ಮಧ್ಯಭಾಗ ಬೇಲಿನ ನಡು ಎತ್ತರಕ್ಕೆ ನೇರವಾಗಿರಬೇಕು. ಅಂಟಿರುವ ಮುಖ ಬೇಲಿನ ಕಡೆಗಿರಬೇಕು. ಸುತ್ತುಗಳ ಎಣಿಕೆಯನ್ನೂ ಹೊಸದಾಗಿ ಮಾಡಬೇಕು: ಬೇಲ್ ಪೂರ್ತಿ ಮುಚ್ಚಲು ಹಿಡಿದ ಸುತ್ತುಗಳಿಗೆ ಒಂದು ಸೇರಿಸಿ ಎರಡರಿಂದ ಗುಣಿಸಿದರೆ ನಾಲ್ಕು ಪದರ, ಮೂರರಿಂದ ಗುಣಿಸಿದರೆ ಆರು ಪದರ. ಒರಟು ದಂಟಿನ ಮೇವಿಗೆ ಮತ್ತು ಬಹುಕಾಲ ಇಡುವ ಬೇಲ್‌ಗಳಿಗೆ ಆರು ಪದರವೇ ಕ್ಷೇಮ. 250 ಮಿ.ಮೀ. ಹಾಳೆ ಬಳಸುವ ಸಣ್ಣ ಯಂತ್ರಗಳಿಗೂ ಗುರುತಿನ ಪರೀಕ್ಷೆ ಇದೇ.

ಖರ್ಚಿಗೆ ಕೈಹಾಕುವ ಮುನ್ನ ಇನ್ನೊಂದು ಕೆಲಸವಿದೆ. ಗೇರಿನ ಘಟಕ ಮೊದಲೇ ಇರುವ ಯಂತ್ರಗಳಲ್ಲಿಯೂ ಹಾಳೆಯ ಅಂಟು ರೋಲರುಗಳಿಗೆ ಮೆತ್ತಿ, ಅದರ ಮೇಲೆ ದೂಳು ಕೂತು, ಹಾಳೆ ಬೇಕಾದುದಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ಬೇರಿಂಗ್ ಸವೆದು ರೋಲರ್ ಬಿಗಿಯಾಗಿ ತಿರುಗುವುದೂ ಉಂಟು. ಟ್ರ್ಯಾಕ್ಟರ್ ಎಂಜಿನ್ ನಿಲ್ಲಿಸಿ, ರೋಲರುಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಕೈಯಿಂದ ತಿರುಗಿಸಿ ನೋಡಬೇಕು. ಸರಾಗವಾಗಿ ತಿರುಗಿದ ಮೇಲೆ ಗುರುತಿನ ಪರೀಕ್ಷೆಯನ್ನು ಮರಳಿ ಮಾಡಬೇಕು. ಅಳತೆ ಸರಿಬಂದರೆ ಆ ಹಂಗಾಮಿಗೆ ಹೊಸ ಘಟಕದ ಮಾತೇ ಬೇಡ. ಹಾಳೆಯ ಸುರುಳಿಗಳನ್ನು ಮಾತ್ರ ಬಿಸಿಲಿನಲ್ಲಿ ಟ್ರೇಲರ್ ಮೇಲೆ ಬಿಡದೆ, ಪೆಟ್ಟಿಗೆಯಲ್ಲಿಯೇ ನೆರಳಿನಲ್ಲಿಟ್ಟು ಬೇಕಾದಾಗ ಒಂದೊಂದಾಗಿ ಹೊರತೆಗೆಯಬೇಕು.