ಮೂತ್ರಪಿಂಡದ ಗಡ್ಡೆ: ಕೊಯ್ಯಬೇಕೆ, ಕಾಯಬೇಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ತೆಂಗಿನಕಾಯನ್ನು ಅಟ್ಟದ ಮೇಲೆ 10-12 ತಿಂಗಳು ಬಿಟ್ಟು, ಅಲುಗಾಡಿಸಿ ಸದ್ದು ಕೇಳಿಯೇ ಉಂಡೆಕೊಬ್ಬರಿಗೆ ಸುಲಿಯುವರು. ಮೂತ್ರಪಿಂಡದ ಆಂಜಿಯೋಮಯೋಲಿಪೋಮವೆಂಬ ಗಡ್ಡೆಗೂ ಬಹುಮಟ್ಟಿಗೆ ಇಂಥ ಎಚ್ಚರದ ಕಾಯುವಿಕೆಯೇ ಸಾಕು. ರಕ್ತನಾಳ, ಸ್ನಾಯು, ಕೊಬ್ಬುಗಳಿಂದಾದ ಇದು ಸಾಮಾನ್ಯವಾಗಿ ಕ್ಯಾನ್ಸರಲ್ಲ, ಸಿ.ಟಿ. ಚಿತ್ರದಲ್ಲಿ ಕೊಬ್ಬು ಕಂಡರೆ ಗುರುತು ಸುಲಭ. ಒಡೆದು ರಕ್ತ ಸುರಿದೀತೆಂಬುದೇ ಭಯ. ಹಿಂದೆ 4 ಸೆಂಟಿಮೀಟರು ಮೀರಿದರೆ ಚಿಕಿತ್ಸೆ ಬೇಕೇಬೇಕೆನ್ನುತ್ತಿದ್ದರು. ಈಗ ಗಡ್ಡೆಯೊಳಗಿನ ನಾಳದ ಉಬ್ಬು, ಬೆಳೆಯುವ ವೇಗ, ಗರ್ಭಧಾರಣೆಯ ಸಂಭವಗಳನ್ನೂ ತೂಗುವರು.

ದೂರವನ್ನೂ ತೂಗಬೇಕೆಂದು ನಾವು ಹೇಳುತ್ತೇವೆ. ಒಡೆದ ನಾಳವನ್ನು ಕೊಯ್ಯದೆ ಒಳಗಿನಿಂದಲೇ ಮುಚ್ಚಿಸಲು ನಡುರಾತ್ರಿ ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರು ಸಾಗಬೇಕಾದವನಿಗೂ ದೊಡ್ಡಾಸ್ಪತ್ರೆಯ ನೆರೆಯವನಿಗೂ ಸಲಹೆ ಒಂದೇ ಆಗದು. ಕಾಯುವವರು ಸ್ಕ್ಯಾನಿನ ತಾರೀಖು ತಪ್ಪಿಸಬಾರದು. ಪಕ್ಕೆಯಲ್ಲಿ ಹಠಾತ್ ನೋವು, ತಲೆಸುತ್ತು, ಕೆಂಪು ಮೂತ್ರ ಕಂಡರೆ ಆ ಕ್ಷಣವೇ ಹೊರಡಬೇಕು.