ಸಲೈನು ನೆತ್ತರಲ್ಲ

ಬೆಳಗಾವಿಯ ಖಾಸಬಾಗದ ಓಣಿಯಾಗಲಿ, ಖಾನಾಪುರದ ಕಾಡಂಚಿನ ಹಳ್ಳಿಯಾಗಲಿ, ರಕ್ತ ಹರಿದವರನ್ನು ಆಸ್ಪತ್ರೆಗೆ ತಂದ ಮನೆಯವರ ಮೊದಲ ಮಾತು ಒಂದೇ: ‘ಡಾಕ್ಟ್ರ, ಲಗೂನ ಸಲೈನ ಹಚ್ಚ್ರಿ.’ ಹೋದಷ್ಟನ್ನು ತುಂಬಿದರಾಯಿತು ಎಂಬುದು ಅವರ ಲೆಕ್ಕ. ಎಡವುವುದು ಇಲ್ಲೇ.

ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಸಲೈನೆಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆತ ಶುದ್ಧ ನೀರು. ವಾಂತಿಭೇದಿಯಲ್ಲಿ ಹೋಗುವುದು ನೀರು, ಉಪ್ಪು. ಅಲ್ಲಿ ಸಲೈನು ಸಂಜೀವಿನಿಯೇ ಸರಿ. ರಕ್ತಸ್ರಾವದಲ್ಲಿ ಹೋಗುವುದು ಆಮ್ಲಜನಕ ಹೊರುವ ಕೆಂಪುಕಣಗಳು, ಹೆಪ್ಪುಗಟ್ಟಿಸುವ ಪ್ರೋಟೀನುಗಳು. ಇವೆರಡೂ ಬಾಟಲಿಯಲ್ಲಿಲ್ಲ. ಹಾಕಿದ ಸಲೈನಿನ ಬಹುಪಾಲು ಸ್ವಲ್ಪ ಹೊತ್ತಿಗೇ ನಾಳ ಬಿಟ್ಟು ಅಂಗಾಂಶಕ್ಕೆ ಇಳಿಯುತ್ತದೆ. ಉಳಿದದ್ದು ರಕ್ತವನ್ನು ತೆಳುಮಾಡಿ ಹೆಪ್ಪುಗಟ್ಟುವ ಶಕ್ತಿಯನ್ನು ಕುಗ್ಗಿಸುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ರಕ್ತಸ್ರಾವದಿಂದ ಬದುಕುಳಿದ ಕೆಲವು ಸೈನಿಕರು ಕೆಲವೇ ದಿನಗಳಲ್ಲಿ ಉಸಿರು ಸಿಗದೆ ಒದ್ದಾಡಿದರು. ವೈದ್ಯರು ಅದನ್ನು ‘ಡಾ ನಾಂಗ್ ಶ್ವಾಸಕೋಶ’ ಎಂದು ಕರೆದರು. ಧಾರಾಳವಾಗಿ ಸುರಿದ ದ್ರವದ ಮೇಲೂ ಅನುಮಾನ ಬಿತ್ತು. ಆದರೆ ದ್ರವವೊಂದೇ ಕಾರಣವಲ್ಲ; ನಾಳದ ಗೋಡೆಯೇ ಕೆಟ್ಟಿರುತ್ತದೆ.

ಈ ಗೋಡೆಯ ಸಂಗತಿ ಎಷ್ಟು ಹೇಳಿದರೂ ನನಗೆ ಸಾಲದು! ರಕ್ತನಾಳದ ಒಳಮೈಗೆ ಸಕ್ಕರೆ, ಪ್ರೋಟೀನುಗಳ ನವಿರು ಲೇಪವಿದೆ, ಹೆಸರು ಗ್ಲೈಕೊಕ್ಯಾಲಿಕ್ಸ್. ಖಾಸಬಾಗದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸಿನ ನೂಲಿಗೆ ಗಂಜಿ ಹೇಗೋ ನಾಳಕ್ಕೆ ಈ ಲೇಪ ಹಾಗೆ. ಗಂಜಿ ಹೋದ ನೂಲು ಜುಂಗೆದ್ದು ಹರಿಯುತ್ತದೆ. ಲೇಪ ಕಳಚಿದ ನಾಳ ಸೋರುತ್ತದೆ. ತೀವ್ರ ರಕ್ತಸ್ರಾವ ಈ ಲೇಪವನ್ನು ಕಳಚುತ್ತದೆ. ಹೃದಯದ ಬಲಭಾಗದಿಂದ ಹೊರಟ ರಕ್ತವೆಲ್ಲ ಶ್ವಾಸಕೋಶವನ್ನು ಹಾಯಲೇಬೇಕು. ಹಾಗಾಗಿ ಅಲ್ಲಿನ ಬೆತ್ತಲಾದ ನಾಳಗಳಿಗೆ ಬಿಳಿಕಣಗಳು ಅಂಟುತ್ತವೆ, ಗಾಳಿಗೂಡುಗಳಿಗೆ ನೀರು ಜಿನುಗುತ್ತದೆ. ಈ ಹೊತ್ತಿನಲ್ಲಿ ಅಳತೆಯಿಲ್ಲದೆ ಸಲೈನು ಸುರಿದರೆ ಸೋರಿಕೆ ಹೆಚ್ಚುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಲೈನಿನಂಥದೇ ದ್ರವವಾದ ರಿಂಗರ್ ಲ್ಯಾಕ್ಟೇಟ್ ಕೊಟ್ಟಾಗ ಲೇಪ ಮರಳಲಿಲ್ಲ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಕೊಟ್ಟಾಗ ಭಾಗಶಃ ಮರಳಿತು. ಆದ್ದರಿಂದಲೇ ಇಂದಿನ ಕ್ರಮ ಹೀಗಿದೆ: ಮೊದಲು ಸ್ರಾವ ನಿಲ್ಲಿಸು, ರಕ್ತ ಬರುವತನಕ ದ್ರವವನ್ನು ಅಳೆದು ಕೊಡು, ಬೇಗನೆ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಕೊಡು. ರಕ್ತ ಕೊಟ್ಟಾಗಲೂ ಅಪರೂಪಕ್ಕೆ ಶ್ವಾಸಕೋಶಕ್ಕೆ ಪೆಟ್ಟಾಗುವುದುಂಟು. ಅಲ್ಲೂ ನಿಗಾ ಬೇಕು.

ಹೋದ ರಕ್ತವನ್ನು ಅಳೆಯುವುದು, ಸ್ರಾವವನ್ನು ತಡೆಯುವುದು ಎರಡಕ್ಕೂ ದಾರಿ ತೋರಿದ್ದರಲ್ಲಿ ಬೆಳಗಾವಿಯ ಪಾಲು ದೊಡ್ಡದು. ಹೆರಿಗೆಯ ರಕ್ತವನ್ನು ಹಿಡಿದು ಅಳೆಯುವ ಗೆರೆಗುರುತಿನ ಪ್ಲಾಸ್ಟಿಕ್ ಚೀಲವನ್ನು ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಪರೀಕ್ಷಿಸಿದಾಗ, ಬರಿಗಣ್ಣಿನ ಅಂದಾಜು ಶೇ. 33ರಷ್ಟು ಕಡಿಮೆ ಎಂದು ಗೊತ್ತಾಯಿತು. ಈ ಜಿಲ್ಲೆಯ ಹಳ್ಳಿಗಳಲ್ಲೇ 1620 ಮಹಿಳೆಯರ ಮೇಲೆ ನಡೆದು 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿಸೊಪ್ರೊಸ್ಟಾಲ್ ಮಾತ್ರೆ ಹೆರಿಗೆಯ ನಂತರದ ಅತಿಸ್ರಾವವನ್ನು ಶೇ. 12ರಿಂದ 6.4ಕ್ಕೆ ಇಳಿಸಿತು. ಮಾತ್ರೆ ಕೊಟ್ಟವರು ಹಳ್ಳಿಯ ದಾದಿಯರು. ಹರಿಯದ ನೆತ್ತರಿಗೆ ಬದಲಿ ಹುಡುಕಬೇಕಿಲ್ಲ. ಶ್ವಾಸಕೋಶಕ್ಕೆ ಇದಕ್ಕಿಂತ ದೊಡ್ಡ ಕಾವಲಿಲ್ಲ.

ಇನ್ನೂ ಕಲಿಯಬೇಕಾದ್ದು ಬಹಳವಿದೆ. ಪ್ಲಾಸ್ಮಾವನ್ನು ಒಣಪುಡಿಯಾಗಿಸಿ ಫ್ರಾನ್ಸಿನ ಸೈನ್ಯ ಬಳಸುತ್ತದೆ. ಫ್ರೀಜರ್ ಬೇಡದ ಇಂಥ ಪುಡಿ ಮಳೆಗಾಲದಲ್ಲಿ ದಾರಿ ಕಡಿಯುವ ಖಾನಾಪುರದ ಕಾಡಿನೂರುಗಳ ಬಾಣಂತಿಗೆ ಎಷ್ಟು ನೆರವಾದೀತು? ಆ ಪ್ರಶ್ನೆಯನ್ನು ನರ್ಸಿಂಗ್, ವೈದ್ಯಕೀಯ ಓದುವ ನಮ್ಮ ಮಕ್ಕಳು ಎತ್ತಿಕೊಳ್ಳಲಿ. ಅಷ್ಟರಲ್ಲಿ ಉಳಿದವರು ರಕ್ತನಿಧಿಗೆ ಹೋಗಿ ರಕ್ತ ಕೊಡೋಣ.